ಎಂ.ಆರ್.ಐ. ಅಂದರೆ ಏನು? – ಒಬ್ಬ ಬಿ.ಕಾಂ.ನವನ ಹುಡುಕಾಟ

ಮೊದಲೇ ಹೇಳಿಬಿಡುತ್ತೇನೆ, ನಾನು ವಿಜ್ಞಾನ ಓದಿದವನಲ್ಲ. ಅರಸೀಕೆರೆಯಲ್ಲಿ ಪಿಯುಸಿ, ಹಾಸನದಲ್ಲಿ ಬಿ.ಕಾಂ., ಆಮೇಲೆ ಬ್ಯಾಂಕ್ ಪರೀಕ್ಷೆ ಬರೆದು ಆಂಧ್ರಕ್ಕೆ ಬಂದವನು. ಮೊದಲ ಏಳು ವರ್ಷ ವಿಜಯವಾಡದ ಗವರ್ನರ್‌ಪೇಟ, ನಂತರ ವಿಶಾಖಪಟ್ಟಣ. ಇಲ್ಲೇ ಮನೆ, ಇಲ್ಲೇ ಮಕ್ಕಳ ಓದು. ಹಾಗಾಗಿ ಈ ಬರಹದಲ್ಲಿ ಭೌತಶಾಸ್ತ್ರದ ಮಾತು ಬಂದರೆ ಅದು ಒಬ್ಬ ಬ್ಯಾಂಕಿನವನಿಗೆ ಅರ್ಥವಾದಷ್ಟು ಮಾತ್ರ.

ಇದು ಶುರುವಾಗಿದ್ದು ಅಮ್ಮನ ರಂಗೋಲಿಯಿಂದ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾರೆ. ಎಪ್ಪತ್ತೆಂಟರ ಮೇಲಾದರೂ ಬೆಳಿಗ್ಗೆ ಎದ್ದು ಫ್ಲ್ಯಾಟಿನ ಬಾಗಿಲ ಮುಂದೆ ಎರಡಡಿ ಜಾಗದಲ್ಲಿ ಚುಕ್ಕಿ ರಂಗೋಲಿ ಇಡದಿದ್ದರೆ ಅವರಿಗೆ ದಿನ ಶುರುವಾಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ, ದಸರಾಗೆ ಮುಂಚೆ, ಎಳೆ ತುಂಡು ತುಂಡಾಗಿ ಬೀಳೋಕೆ ಶುರುವಾಯಿತು. "ಪುಡಿ ಸರಿಯಿಲ್ಲ ಕಣೋ" ಅಂದರು. ಬೇರೆ ಪುಡಿ ತಂದುಕೊಟ್ಟೆ. ಅದೂ ಹಾಗೇ. ವೈದ್ಯರು ಕೈ, ಕಾಲು, ನಡಿಗೆ ಎಲ್ಲಾ ನೋಡಿ "ಕುತ್ತಿಗೆಯ ಎಂ.ಆರ್.ಐ. ಮಾಡಿಸಿ" ಅಂತ ಬರೆದುಕೊಟ್ಟರು.

ನಾನು ಮಾಡಿಸಲಿಲ್ಲ. ಅಂದರೆ ತಕ್ಷಣ ಮಾಡಿಸಲಿಲ್ಲ. ಸಹೋದ್ಯೋಗಿಯೊಬ್ಬರು "ಅದು ನ್ಯೂಕ್ಲಿಯರ್ ರೀ, ಈ ವಯಸ್ಸಿನಲ್ಲಿ ಅಷ್ಟೊಂದು ರೇಡಿಯೇಷನ್ ಯಾಕೆ?" ಅಂದಿದ್ದರು. ಅಮ್ಮನೂ "ಆ ಪೆಟ್ಟಿಗೆಯೊಳಗೆ ನನ್ನ ಹಾಕಬೇಡ" ಅಂದರು. ದಸರಾ ಮುಗಿಯಲಿ, ದೀಪಾವಳಿ ಮುಗಿಯಲಿ ಅಂತ ಮೂರು ವಾರ ತಳ್ಳಿದೆ. ಕೊನೆಗೆ ಒಂದು ಬೆಳಿಗ್ಗೆ ಅಮ್ಮನಿಗೆ ಕಾಫಿ ಲೋಟ ಹಿಡಿಯೋಕೆ ಆಗಲಿಲ್ಲ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಂದು ಫಾರಂ ಕೊಟ್ಟರು. ಪೇಸ್‌ಮೇಕರ್ ಇದೆಯಾ, ತಲೆಯಲ್ಲಿ ಕ್ಲಿಪ್ ಇದೆಯಾ, ಮೈಯಲ್ಲಿ ಲೋಹ ಇದೆಯಾ, ಇದ್ದರೆ ಯಾವುದು, ಕೆಳಗೆ ಸಹಿ. ಮೂವತ್ತು ವರ್ಷ ಬೇರೆಯವರಿಗೆ "ಓದಿ ಸಹಿ ಮಾಡಿ" ಅಂತ ಹೇಳಿಕೊಂಡು ಬಂದವನು ನಾನು. ಅಮ್ಮ 1998ರಲ್ಲಿ ಬಚ್ಚಲಲ್ಲಿ ಬಿದ್ದು ತೊಡೆಯ ಮೂಳೆಗೆ ರಾಡ್ ಹಾಕಿಸಿಕೊಂಡಿದ್ದರು. ಯಾವ ಲೋಹ? ಗೊತ್ತಿಲ್ಲ. ಕಾಗದ ಎಲ್ಲಿ? ಗೊತ್ತಿಲ್ಲ. ಪೆನ್ನು ಹಿಡಿದು ಕೂತೆ, ಸಹಿ ಬರಲಿಲ್ಲ. ಹಾಸನದಲ್ಲಿರುವ ತಂಗಿಗೆ ಫೋನ್ ಮಾಡಿದೆ. ಅವಳು ಹಳೇ ಟ್ರಂಕು ಹುಡುಕುವ ಒಂದೂವರೆ ದಿನ ನಾನು ಮಾಡಿದ್ದು ಒಂದೇ ಕೆಲಸ – ಈ ಯಂತ್ರ ಏನು, ಎಲ್ಲಿಂದ ಬಂತು ಅಂತ ಓದಿದ್ದು. ಆಮೇಲೆಯೂ ಓದುತ್ತಲೇ ಇದ್ದೇನೆ. ಓದಿದಷ್ಟೂ ಆಶ್ಚರ್ಯ, ಯಾಕೆಂದರೆ ಆ ಕಥೆ ನಾನು ಬಾಳಿದ ಊರುಗಳನ್ನೂ, ನಮ್ಮ ಬೆಂಗಳೂರನ್ನೂ ಹಾದು ಹೋಗುತ್ತದೆ.

ಮೊದಲು ಹೆಸರಿನ ಅರ್ಥ. ಮ್ಯಾಗ್ನೆಟಿಕ್ ರೆಸೊನೆನ್ಸ್ ಅಂದರೆ ಕನ್ನಡದಲ್ಲಿ ಕಾಂತೀಯ ಅನುರಣನ. ಅನುರಣನ ಅಮ್ಮನಿಗೆ ಗೊತ್ತಿರುವ ಸಂಗತಿಯೇ. ಅವರು ದೇವರನಾಮ ಹೇಳುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ತಂಬೂರಿ ಇತ್ತು. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿ ಪಕ್ಕದಲ್ಲಿಟ್ಟು ಒಂದರ ತಂತಿ ಮೀಟಿದರೆ, ಮುಟ್ಟದೇ ಇದ್ದ ಇನ್ನೊಂದರ ತಂತಿಯೂ ಸಣ್ಣಗೆ ಅದುರುತ್ತದೆ. ಶ್ರುತಿ ಬೇರೆಯಾದರೆ ಅದುರುವುದಿಲ್ಲ. ಸರಿಯಾದ ಶ್ರುತಿಯಲ್ಲಿ ಕೂಗಿದರೆ ಮಾತ್ರ ಓಗೊಡುವುದು – ಇದೇ ಅನುರಣನ.

ಎಂ.ಆರ್.ಐ.ನಲ್ಲಿ ಓಗೊಡುವ ತಂತಿ ಯಾವುದು? ನಮ್ಮ ಮೈಯ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪರಮಾಣುವಿನ ಬೀಜ, ಅಂದರೆ ಪ್ರೋಟಾನ್. ಅದೊಂದು ಪುಟಾಣಿ ಅಯಸ್ಕಾಂತ. ಬುಗುರಿ ಸುತ್ತುತ್ತಾ ತಲೆ ತೂಗುತ್ತದಲ್ಲ, ಹಾಗೆ ಅಯಸ್ಕಾಂತದ ಕ್ಷೇತ್ರದಲ್ಲಿ ಪ್ರೋಟಾನ್ ಕೂಡ ತಲೆ ತೂಗುತ್ತದೆ. ಎಷ್ಟು ವೇಗ? ಒಂದು ಟೆಸ್ಲಾ ಬಲಕ್ಕೆ ಸೆಕೆಂಡಿಗೆ ಸುಮಾರು 4.26 ಕೋಟಿ ಸಲ. ಮಾಮೂಲಿ ಆಸ್ಪತ್ರೆಯ ಯಂತ್ರ 1.5 ಟೆಸ್ಲಾ; ಅಲ್ಲಿ ಇದು ಸುಮಾರು 64 ಮೆಗಾಹರ್ಟ್ಸ್ ಆಗುತ್ತದೆ. 3 ಟೆಸ್ಲಾ ಯಂತ್ರದಲ್ಲಿ ಸುಮಾರು 128. ನಾವು ಕೇಳುವ ಎಫ್.ಎಂ. ರೇಡಿಯೋ 88ರಿಂದ 108ರ ನಡುವೆ ಇರುತ್ತದೆ. ಅಂದರೆ ಈ ಯಂತ್ರ ಮೈಯೊಳಗೆ ಕಳಿಸುವುದು ಎಫ್.ಎಂ. ರೇಡಿಯೋದ ನೆಂಟರನ್ನೇ! ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ಗಳಲ್ಲಿರುವ ಬಗೆಯ ವಿಕಿರಣ ಇಲ್ಲಿಲ್ಲ. ಮೂರು ವಾರ ನಾನು ಹೆದರಿದ್ದು ಇಲ್ಲದ ವಸ್ತುವಿಗೆ.

ಇನ್ನೊಂದು ಲೆಕ್ಕ ನನಗೆ ಬಹಳ ಹಿಡಿಸಿತು. ಕ್ಷೇತ್ರದಲ್ಲಿ ಪ್ರೋಟಾನ್‌ಗಳು ಕೆಲವು ಅದರ ದಿಕ್ಕಿಗೆ, ಕೆಲವು ಎದುರು ದಿಕ್ಕಿಗೆ ನಿಲ್ಲುತ್ತವೆ. ಜಮೆ ಮತ್ತು ಖರ್ಚಿನ ಹಾಗೆ ಒಂದಕ್ಕೊಂದು ವಜಾ ಆಗಿ ಉಳಿಯುವ ಬಾಕಿ 1.5 ಟೆಸ್ಲಾದಲ್ಲಿ ಹತ್ತು ಲಕ್ಷಕ್ಕೆ ಸುಮಾರು ಐದು. ಅಷ್ಟು ಸಣ್ಣ ಬಾಕಿಯಿಂದಲೇ ಇಡೀ ಚಿತ್ರ. ಹೇಗೆ ಸಾಕಾಗುತ್ತದೆ ಅಂದರೆ, ಒಂದು ಹನಿ ನೀರಿನಲ್ಲೇ ಇರುವ ಹೈಡ್ರೋಜನ್ ಪರಮಾಣುಗಳ ಸಂಖ್ಯೆ 3ರ ಮುಂದೆ 21 ಸೊನ್ನೆ. ವಹಿವಾಟು ದೊಡ್ಡದಾದರೆ ಪುಟ್ಟ ಮಾರ್ಜಿನ್ನೂ ನಡೆಯುತ್ತದೆ, ಬ್ಯಾಂಕಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈಗ ಚರಿತ್ರೆಗೆ ಬರೋಣ. ಹೀಗೆ ತಲೆ ತೂಗುವ ವೇಗದ ಲೆಕ್ಕ ಕೊಟ್ಟವನು ಜೋಸೆಫ್ ಲಾರ್ಮರ್, 1897ರಲ್ಲಿ. 1936ರಲ್ಲಿ ಹಾಲೆಂಡಿನ ಗೋರ್ಟರ್ ಪರಮಾಣು ಬೀಜದ ಅನುರಣನ ಹಿಡಿಯಲು ಹೋಗಿ ಸೋತ. 1938ರಲ್ಲಿ ನ್ಯೂಯಾರ್ಕಿನಲ್ಲಿ ಇಸಿಡೋರ್ ರಾಬಿ, ಶೂನ್ಯದಲ್ಲಿ ಹರಿಸಿದ ಅಣುಗಳ ಧಾರೆಯಲ್ಲಿ ಅದನ್ನು ಕಂಡ. 1944ರ ನೊಬೆಲ್ ಅವನಿಗೆ. ಆದರೆ ಮಾಮೂಲಿ ವಸ್ತುವಿನಲ್ಲಿ, ನೀರಿನಲ್ಲಿ, ಮೇಣದಲ್ಲಿ ಕಾಣಬೇಕಲ್ಲ? ಅದಾಗಿದ್ದು ಮಹಾಯುದ್ಧ ಮುಗಿದ ಮೇಲೆ. 1945ರ ಡಿಸೆಂಬರ್‌ನಲ್ಲಿ ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಪರ್ಸೆಲ್, ಟೋರಿ ಮತ್ತು ಪೌಂಡ್ ಪ್ಯಾರಾಫಿನ್ ಮೇಣದಲ್ಲಿ ಹಿಡಿದರು. ಅದೇ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಖ್ ಬಳಗ ನೀರಿನಲ್ಲಿ ಹಿಡಿಯಿತು. ಎರಡೂ ಕಡೆಯ ಬರಹ 1946ರಲ್ಲಿ ಅಚ್ಚಾಯಿತು. 1952ರ ನೊಬೆಲ್ ಬ್ಲಾಖ್ ಮತ್ತು ಪರ್ಸೆಲ್ ಇಬ್ಬರಿಗೂ ಸೇರಿ ಬಂತು.

ಇಲ್ಲಿಂದ ಭಾರತದ ಕೊಂಡಿ. ಹೋಮಿ ಭಾಭಾ ತಮ್ಮ ಟಾಟಾ ಸಂಶೋಧನಾ ಸಂಸ್ಥೆಯನ್ನು 1945ರಲ್ಲಿ ಶುರು ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ. ಅದೇ ವರ್ಷದ ಕೊನೆಗೆ ಅದು ಮುಂಬೈಗೆ ಹೋಯಿತು. ಆ ಸಂಸ್ಥೆಯಲ್ಲಿ ಈ ವಿದ್ಯೆಗೆ ಬೀಜ ಹಾಕಿದವರು ಎಸ್.ಎಸ್. ಧರ್ಮಟ್ಟಿ. ಹೆಸರು ಕೇಳಿದರೆ ನಮ್ಮ ಬೆಳಗಾವಿ ಕಡೆಯ ಊರಿನ ಹೆಸರು ಕಿವಿಗೆ ಬೀಳುತ್ತದೆ ಅಲ್ಲವೇ? ಧರ್ಮಟ್ಟಿಯವರು ಸ್ಟ್ಯಾನ್‌ಫರ್ಡ್‌ನಲ್ಲಿ ಬ್ಲಾಖ್ ಬಳಗದಲ್ಲಿ ಕೆಲಸ ಮಾಡಿದವರು. 1951ರಲ್ಲಿ ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕಾರ್ಡ್ ಮೂವರ ಹೆಸರಿನಲ್ಲಿ ಒಂದು ಬರಹ ಬಂತು. ಮದ್ಯಸಾರದಲ್ಲಿರುವ ಹೈಡ್ರೋಜನ್ ಒಂದೇ ಶ್ರುತಿಯಲ್ಲಿ ಓಗೊಡುವುದಿಲ್ಲ, ಅಣುವಿನಲ್ಲಿ ಅದು ಎಲ್ಲಿ ಕೂತಿದೆ ಅನ್ನುವುದರ ಮೇಲೆ ಮೂರು ಬೇರೆ ಬೇರೆ ಶ್ರುತಿ ಕೊಡುತ್ತದೆ ಅಂತ ತೋರಿಸಿದ ಬರಹ ಅದು. ಅಲ್ಲಿಯವರೆಗೆ ಭೌತಶಾಸ್ತ್ರದವರ ಆಟವಾಗಿದ್ದದ್ದು ಅಲ್ಲಿಂದ ರಸಾಯನಶಾಸ್ತ್ರದವರ ಕೈಗೆ ಬಂತು. ಇವತ್ತು ಹೊಸ ಔಷಧದ ಅಣು ಹೇಗಿದೆ ಅಂತ ನೋಡಲು ಪ್ರಪಂಚದಾದ್ಯಂತ ಬಳಸುವ ಉಪಾಯ ಇದೇ.

ಅದೇ 1951ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅನ್ನುವವರು ಇನ್ನೊಂದು ಕೆಲಸ ಮಾಡಿದರು. ಎಲ್ಲರೂ ನಿಂತ ನೀರಿನಲ್ಲಿ ಅನುರಣನ ನೋಡುತ್ತಿದ್ದರೆ ಇವರು ಹರಿಯುವ ದ್ರವದಲ್ಲಿ ನೋಡಿದರು. ನಿಂತ ನೀರಿನ ಪ್ರೋಟಾನ್‌ಗಳು ಮತ್ತೆ ಮತ್ತೆ ಕೂಗಿಸಿಕೊಂಡು ದಣಿಯುತ್ತವೆ. ಹರಿಯುವ ದ್ರವದಲ್ಲಿ ಹೊಸ ಪ್ರೋಟಾನ್‌ಗಳು ಬರುತ್ತಲೇ ಇರುವುದರಿಂದ ಸದ್ದು ಬದಲಾಗುತ್ತದೆ. ಅಂದರೆ ಸದ್ದಿನಿಂದ ಹರಿವನ್ನು ಅಳೆಯಬಹುದು. ಅವರ ಬರಹ ಸಿ.ವಿ. ರಾಮನ್ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಬಂತು. 1959ರಲ್ಲಿ ಅಮೆರಿಕದ ಸಿಂಗರ್ ಇಲಿಯ ಬಾಲದಲ್ಲಿ ರಕ್ತದ ಹರಿವನ್ನು ಅನುರಣನದಿಂದ ಅಳೆದ. ಇವತ್ತು ಸೂಜಿ ಚುಚ್ಚದೆ ಮೆದುಳಿನ ರಕ್ತನಾಳದ ಚಿತ್ರ ತೆಗೆಯುತ್ತಾರಲ್ಲ, ಅದರ ಹಿಂದೆಯೂ ಹರಿಯುವ ದ್ರವದ ಇದೇ ಗುಣ ಇದೆ. ಮಲ್ಲೇಶ್ವರದ ಪಕ್ಕದಲ್ಲೇ ನಡೆದ ಕೆಲಸ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಾನಿರುವ ಊರಿನ ಕಥೆ ಇನ್ನೂ ಸ್ವಾರಸ್ಯ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಶುರುವಾಗಿದ್ದು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ಅದು ವಾಲ್ತೇರಿಗೆ, ಅಂದರೆ ವಿಶಾಖಪಟ್ಟಣಕ್ಕೆ ಬಂತು. ನನ್ನ ವರ್ಗಾವಣೆಯ ದಾರಿಯೇ! ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕೆಲಸ ಮಾಡಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. 1931ರಲ್ಲಿ ಕುಲಪತಿಯಾಗಿ ಬಂದ ರಾಧಾಕೃಷ್ಣನ್ ಕೂಡ 1918ರಿಂದ 1921ರವರೆಗೆ ಮೈಸೂರಿನಲ್ಲಿ ಪಾಠ ಹೇಳಿದವರು. ಜೈಪುರದ ಮಹಾರಾಜ ವಿಕ್ರಮದೇವ ವರ್ಮ ಕೊಟ್ಟ ದಾನದಿಂದ ವಿಜ್ಞಾನ ಕಾಲೇಜು ಬೆಳೆಯಿತು, ಕಾಲೇಜಿಗೆ ಅವರ ಹೆಸರೇ ಇದೆ.

ಆ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಇಬ್ಬರನ್ನು ನೆನೆಯಬೇಕು. ಒಬ್ಬರು ಸೂರಿ ಭಗವಂತಂ. ವಿಜಯವಾಡದ ಹತ್ತಿರದ ಆಗಿರಿಪಲ್ಲಿಯಲ್ಲಿ 1909ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ರಾಮನ್ ಶಿಷ್ಯರಾಗಿ, ವಾಲ್ತೇರಿನಲ್ಲಿ ಪ್ರಾಧ್ಯಾಪಕರಾಗಿ, 1957ರಿಂದ 1962ರವರೆಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರ ಗುರು ರಾಮನ್, ನಮ್ಮ ವೀಣೆ-ತಂಬೂರಿಗಳ ನಾದವನ್ನೂ ಅಳೆದವರು ಅಂತ ಓದಿದಾಗ ಅಮ್ಮನಿಗೆ ಹೇಳಿದ್ದೆ. "ಹಾಗಾದ್ರೆ ತಿಳಿದೋರೇ" ಅಂದರು!

ಇನ್ನೊಬ್ಬರು ಕೊಚ್ಚೆರ್ಲಕೋಟ ರಂಗಧಾಮ ರಾವ್. ಬೆಳಕಿನ ವರ್ಣಪಟಲದ ಶಾಸ್ತ್ರದಲ್ಲಿ ಹೆಸರು ಮಾಡಿದ ಇವರು, ಆಮೇಲೆ ವಾಲ್ತೇರಿನಲ್ಲಿ ನ್ಯೂಕ್ಲಿಯರ್ ಕ್ವಾಡ್ರುಪೋಲ್ ರೆಸೊನೆನ್ಸ್ ಅನ್ನುವ ಅನುರಣನದ ಸಂಶೋಧನೆಯನ್ನು ಬೆಳೆಸಿದರು. ಹೆಸರು ಕೇಳಿ ಹೆದರಬೇಡಿ. ಕ್ಲೋರಿನ್, ಬ್ರೋಮಿನ್, ಅಯೋಡಿನ್, ಸಾರಜನಕ ಇವುಗಳ ಬೀಜ ಪೂರ್ತಿ ದುಂಡಗಿಲ್ಲ. ಸ್ಫಟಿಕದೊಳಗಿನ ವಿದ್ಯುತ್ ಪರಿಸರವೇ ಅವುಗಳನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಹೊರಗಿನಿಂದ ದೊಡ್ಡ ಅಯಸ್ಕಾಂತವೇ ಬೇಡ. ರೇಡಿಯೋ ಸಲಕರಣೆ ಇದ್ದರೆ ಅನುರಣನ ಕೇಳಬಹುದು. 1950ರಲ್ಲಿ ಜರ್ಮನಿಯಲ್ಲಿ ಡೆಮೆಲ್ಟ್ ಮತ್ತು ಕ್ರ್ಯೂಗರ್ ಇದನ್ನು ಮೊದಲು ತೋರಿಸಿದ್ದು. ಅದರ ಬೆನ್ನಿಗೇ, ದುಡ್ಡಿಲ್ಲದ ಆ ಕಾಲದ ಭಾರತದಲ್ಲಿ, ಸಮುದ್ರದ ದಂಡೆಯ ಈ ಕಾಲೇಜಿನಲ್ಲಿ ಅದು ಬೇರೂರಿತು. ಹೈಡ್ರೋಜನ್ ಬೀಜಕ್ಕೆ ಆ ಗುಣ ಇಲ್ಲವಾದ್ದರಿಂದ ಮೈಯ ಚಿತ್ರಕ್ಕೆ ಇದು ಬರುವುದಿಲ್ಲ. ಆದರೆ ಸಾರಜನಕ ಇರುವ ಸ್ಫೋಟಕಗಳನ್ನು ಪತ್ತೆ ಮಾಡಲು ಬರುತ್ತದೆ. ನಾನು ಇಪ್ಪತ್ತು ವರ್ಷ ಆ ಕಾಂಪೌಂಡಿನ ಪಕ್ಕದಲ್ಲಿ ಸ್ಕೂಟರ್ ಓಡಿಸಿದ್ದೇನೆ, ಇದ್ಯಾವುದೂ ಗೊತ್ತಿರಲಿಲ್ಲ.

ಸರಿ, ಅನುರಣನ ಸಿಕ್ಕಿತು. ಚಿತ್ರ ಹೇಗೆ ಬಂತು? 1971ರಲ್ಲಿ ಅಮೆರಿಕದ ವೈದ್ಯ ರೇಮಂಡ್ ಡಮಾಡಿಯನ್, ಇಲಿಯ ಗಡ್ಡೆಗಳಲ್ಲಿ ಪ್ರೋಟಾನ್‌ಗಳು ಸುಸ್ಥಿತಿಗೆ ಮರಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ ಅಂತ ತೋರಿಸಿದ. ಆದರೆ ಆ ಸದ್ದು ಮೈಯ ಯಾವ ಮೂಲೆಯಿಂದ ಬಂತು? ಅದಕ್ಕೆ ಉತ್ತರ ಪಾಲ್ ಲಾಟರ್‌ಬರ್ ಕೊಟ್ಟ. ಕ್ಷೇತ್ರವನ್ನು ಎಲ್ಲೆಡೆ ಒಂದೇ ಸಮ ಇಡದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ಪ್ರತಿ ಜಾಗದ ಶ್ರುತಿ ಬೇರೆಯಾಗುತ್ತದೆ. ಶ್ರುತಿಯೇ ವಿಳಾಸ! ನಮ್ಮ ದೇಶಕ್ಕೆ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಲಾಟರ್‌ಬರ್ 1973ರಲ್ಲಿ ಪ್ರೋಟಾನ್‌ಗಳಿಗೆ ಪಿನ್‌ಕೋಡ್ ಕೊಟ್ಟ ಅನ್ನಬಹುದು. ನೇಚರ್ ಪತ್ರಿಕೆ ಮೊದಲು ಅವನ ಬರಹ ವಾಪಸ್ ಕಳಿಸಿ ಆಮೇಲೆ ಅಚ್ಚು ಹಾಕಿತು. ಅದಕ್ಕೆ ಅವನಿಟ್ಟ ಹೆಸರು ಜ್ಯೂಗ್ಮಟೋಗ್ರಫಿ. ಗ್ರೀಕ್ ಭಾಷೆಯ ನೊಗಕ್ಕೆ ಸಂಬಂಧಿಸಿದ ಪದ. ಅಯಸ್ಕಾಂತ ಮತ್ತು ರೇಡಿಯೋ ಅಲೆ, ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು. ಹೆಸರು ನಿಲ್ಲಲಿಲ್ಲ, ಕೆಲಸ ನಿಂತಿತು.

1974ರಲ್ಲಿ ಲಾಟರ್‌ಬರ್ ಭಾಷಣ ಕೇಳಿದ ಸ್ವಿಟ್ಜರ್ಲೆಂಡಿನ ರಿಚರ್ಡ್ ಅರ್ನ್‌ಸ್ಟ್‌ಗೆ, ಫೂರಿಯೇ ಗಣಿತದಿಂದ ಇದನ್ನು ಇನ್ನೂ ಚೆನ್ನಾಗಿ ಮಾಡಬಹುದು ಅಂತ ಹೊಳೆಯಿತು. 1975ರಲ್ಲಿ ಆ ವಿಧಾನದ ಬರಹ ಬಂತು. ಮೂವರ ಹೆಸರಿನಲ್ಲಿ ಮೊದಲ ಹೆಸರು ಅನಿಲ್ ಕುಮಾರ್, ಆಮೇಲೆ ವೆಲ್ಟಿ, ಅರ್ನ್‌ಸ್ಟ್. ಇವತ್ತಿನ ಎಂ.ಆರ್.ಐ. ಯಂತ್ರಗಳು ಚಿತ್ರ ಕಟ್ಟುವ ದಾರಿ ಅಲ್ಲಿಂದ ಬಂದದ್ದು. ಈ ಅನಿಲ್ ಕುಮಾರ್ ಆಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೇ. ಅರ್ನ್‌ಸ್ಟ್‌ಗೆ 1991ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

1977ರ ಜುಲೈ 3ರಂದು ಡಮಾಡಿಯನ್ ತನ್ನ ಶಿಷ್ಯನನ್ನು ಯಂತ್ರದೊಳಗೆ ಕೂರಿಸಿ ಸುಮಾರು ಐದು ಗಂಟೆ ಕಷ್ಟಪಟ್ಟು ಎದೆಯ ಒಂದು ಚಿತ್ರ ತೆಗೆದ. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರ ತೆಗೆಯುವ ವೇಗವನ್ನು ಎಷ್ಟೋ ಪಾಲು ಹೆಚ್ಚಿಸುವ ದಾರಿ ತೋರಿದ. 2003ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ ಬಂತು. ಬಿಟ್ಟುಹೋದ ಡಮಾಡಿಯನ್ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಪ್ರತಿಭಟಿಸಿದ. ಪ್ರಮೋಷನ್ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರನ್ನು ನೋಡಿರುವ ನನಗೆ ಅವನ ಸಂಕಟ ಅರ್ಥವಾಗುತ್ತದೆ.

ಮತ್ತೆ ಆ ನ್ಯೂಕ್ಲಿಯರ್ ಅನ್ನುವ ಪದ? ಅಲ್ಲಿ ಅದರ ಅರ್ಥ ಪರಮಾಣುವಿನ ಬೀಜ ಅಂತ ಮಾತ್ರ. ಬಾಂಬಿಗೂ ವಿಕಿರಣಕ್ಕೂ ಸಂಬಂಧವಿಲ್ಲ. ಆದರೂ ಜನ ಹೆದರುತ್ತಾರೆ ಅಂತ ಆಸ್ಪತ್ರೆಯವರು ಆ ಪದವನ್ನೇ ಕೈಬಿಟ್ಟರು. ರಸಾಯನಶಾಸ್ತ್ರದವರು ಇಂದಿಗೂ ಎನ್.ಎಂ.ಆರ್. ಅನ್ನುತ್ತಾರೆ, ವೈದ್ಯರು ಎಂ.ಆರ್. ಅನ್ನುತ್ತಾರೆ. ಪದ ಕೈಬಿಟ್ಟು ಇಷ್ಟು ವರ್ಷವಾದ ಮೇಲೂ ಅದರ ಭಯ ನನ್ನನ್ನು ಮೂರು ವಾರ ಹಿಡಿದಿಟ್ಟಿತು ನೋಡಿ.

ನಿಜವಾಗಿ ಹೆದರಬೇಕಾದದ್ದು ಬೇರೆಯೇ, ಅಯಸ್ಕಾಂತಕ್ಕೆ. ಆ ಯಂತ್ರದೊಳಗಿನ ತಂತಿ ಸುರುಳಿ ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗಿನ ದ್ರವ ಹೀಲಿಯಂ ಚಳಿಯಲ್ಲಿ ಇರುತ್ತದೆ. ಆ ಚಳಿಯಲ್ಲಿ ವಿದ್ಯುತ್ತಿಗೆ ತಡೆಯೇ ಇಲ್ಲ, ಹಾಗಾಗಿ ಕರೆಂಟು ಹೋದರೂ, ಸ್ಕ್ಯಾನ್ ನಡೆಯದಿದ್ದರೂ, ರಾತ್ರಿ ಬಾಗಿಲು ಹಾಕಿದರೂ ಅಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ. ಬಲ ಭೂಮಿಯ ಕ್ಷೇತ್ರದ ಸುಮಾರು ಮೂವತ್ತು ಸಾವಿರ ಪಟ್ಟು. 2001ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಳಗೆ ಹಾರಿದ ಆಮ್ಲಜನಕದ ಸಿಲಿಂಡರ್ ಬಡಿದು ಆರು ವರ್ಷದ ಹುಡುಗ ಸತ್ತ. 2018ರ ಜನವರಿಯಲ್ಲಿ ಮುಂಬೈಯಲ್ಲಿ ನೆಂಟರ ಸ್ಕ್ಯಾನಿಗೆ ಅಂತ ಸಿಲಿಂಡರ್ ಹಿಡಿದು ಒಳಗೆ ಹೋದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಆ ಫಾರಂ ಇರುವುದು ಇದಕ್ಕೆ. ಪೇಸ್‌ಮೇಕರ್, ತಲೆಯೊಳಗಿನ ಹಳೇ ಕ್ಲಿಪ್, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು, ಇವನ್ನು ಮುಚ್ಚಿಟ್ಟರೆ ಅಪಾಯ.

ತಂಗಿಗೆ ಕಾಗದ ಸಿಕ್ಕಿತು. ಅಪ್ಪ ಅದನ್ನು ಹಳೇ ಪಾಸ್‌ಬುಕ್ಕುಗಳ ಜೊತೆ ದಾರ ಕಟ್ಟಿ ಇಟ್ಟಿದ್ದರಂತೆ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಮೂಳೆಗೆ ಹಾಕುವ ರಾಡುಗಳು ಹೆಚ್ಚಾಗಿ ಅಯಸ್ಕಾಂತ ಸೆಳೆಯದ ಬಗೆಯ ಸ್ಟೀಲ್ ಅಥವಾ ಟೈಟೇನಿಯಂ. ಆದರೂ ತೀರ್ಮಾನ ರೇಡಿಯಾಲಜಿ ವೈದ್ಯರದ್ದು. ಅವರು ಕಾಗದ ನೋಡಿ "ಮಾಡಬಹುದು" ಅಂದ ಮೇಲೆ ನಾನು ಸಹಿ ಹಾಕಿದೆ. ಒಳಗೆ ಹೋಗುವಾಗ ಅಮ್ಮನಿಗೆ ತಂಬೂರಿಯ ಮಾತು ಹೇಳಿದೆ. ಹೊರಗೆ ಬಂದು, "ತಂಬೂರಿ ಅಂತೆ ತಂಬೂರಿ! ತಗಡು ಬಡಿದ ಹಾಗಿತ್ತು" ಅಂದರು. ಅದೂ ಸರಿಯೇ. ವಿಳಾಸ ಕೊಡುವ ಆ ಸುರುಳಿಗಳಲ್ಲಿ ಕರೆಂಟು ಹರಿದು ನಿಲ್ಲುವಾಗ, ಅಯಸ್ಕಾಂತದ ಬಲಕ್ಕೆ ಸುರುಳಿ ಅದುರಿ ಆಗುವ ಸದ್ದು ಅದು.

ಕುತ್ತಿಗೆಯ ಮೂಳೆಗಳ ನಡುವೆ ನರದ ಹುರಿ ಅಮುಕಿಹೋಗಿತ್ತು. ಆಪರೇಷನ್ ಆಯಿತು. ಬಹಳ ದಿನ ಅಮುಕಿದ ನರ ಪೂರ್ತಿ ವಾಪಸ್ ಬರುವುದಿಲ್ಲ ಅಂತ ವೈದ್ಯರು ಮೊದಲೇ ಹೇಳಿದ್ದರು. ನನ್ನ ಮೂರು ವಾರದಿಂದ ಎಷ್ಟು ನಷ್ಟವಾಯಿತು ಅಂತ ಕೇಳಿದೆ. ಅವರು ಉತ್ತರ ಹೇಳದೆ ಚೀಟಿ ಬರೆದರು. ಈಗ ಅಮ್ಮ ನಡೆಯುತ್ತಾರೆ, ಲೋಟ ಹಿಡಿಯುತ್ತಾರೆ. ಪುಡಿಯ ಎಳೆ ಮಾತ್ರ ಬರುವುದಿಲ್ಲ. ಸೀಮೆಸುಣ್ಣದಲ್ಲಿ ಐದು ಚುಕ್ಕಿಯದು ಬರೆಯುತ್ತಾರೆ, ಮೊಮ್ಮಗಳು ಗೆರೆ ಸೇರಿಸುತ್ತಾಳೆ.

ಕೊನೆಗೆ ಒಂದು ವಿನಂತಿ, ಬ್ಯಾಂಕಿನವನ ಬುದ್ಧಿ ಅಂದುಕೊಳ್ಳಿ. ಮನೆಯಲ್ಲಿ ಯಾರಿಗಾದರೂ ರಾಡ್, ಕ್ಲಿಪ್, ಸ್ಟೆಂಟ್, ಪೇಸ್‌ಮೇಕರ್ ಏನೇ ಹಾಕಿಸಿದ್ದರೂ ಆ ಕಾಗದವನ್ನು ಪಾಸ್‌ಬುಕ್ಕಿನ ಜೊತೆ ಇಡಿ. ಒಂದು ಫೋಟೋ ಫೋನಿನಲ್ಲೂ ಇರಲಿ. ನಮ್ಮಪ್ಪನಿಗೆ ಅನುರಣನ ಗೊತ್ತಿರಲಿಲ್ಲ, ಆದರೆ ಕಾಗದ ಇಟ್ಟಿದ್ದರು. ನಿಮ್ಮ ಮನೆಯ ಕಾಗದ ಎಲ್ಲಿದೆ, ಇವತ್ತೇ ಒಮ್ಮೆ ನೋಡಿ.